ಒಲಿಂಪಿಕ್ಸ್ 100 ಮೀಟರ್ ಚಿನ್ನವನ್ನು ಸತತ ಎರಡು ಸಲ ಮೊದಲು ಗೆದ್ದದ್ದು ಕಾರ್ಲ್ ಲೂಯಿಸ್ ಅಲ್ವಾ?

ಅಲ್ಲ. ನೀವು ಬರೆದಿರುವ ಪ್ರಕಾರ ಕ್ವಿಜ್‌ನಲ್ಲಿ ನೀವು ಕಾರ್ಲ್ ಲೂಯಿಸ್ ಅಂದಿರಿ, ಪಕ್ಕದ ತಂಡದವರು ಉಸೇನ್ ಬೋಲ್ಟ್ ಅಂದರು, ಕ್ವಿಜ್ ಮಾಸ್ತರು ಇಬ್ಬರದೂ ತಪ್ಪು ಅಂತ ಮುಂದಿನ ಪ್ರಶ್ನೆಗೆ ಹೋಗಿಬಿಟ್ಟರು. ಮಾಸ್ತರು ಹೇಳಿದ್ದೇ ಸರಿ. ಉತ್ತರ ವೈಯೋಮಿಯಾ ಟೈಯಸ್. ಅಮೆರಿಕದ ಓಟಗಾರ್ತಿ. 1964ರಲ್ಲಿ ಟೋಕಿಯೊದಲ್ಲಿ ಒಂದು ಚಿನ್ನ, 1968ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಇನ್ನೊಂದು. ಅದಕ್ಕೂ ಮೊದಲು ಈ ಓಟದಲ್ಲಿ ಗೆದ್ದ ಪಟ್ಟವನ್ನು ಮುಂದಿನ ಒಲಿಂಪಿಕ್ಸ್‌ನಲ್ಲಿ ಉಳಿಸಿಕೊಂಡವರು ಗಂಡಸರಲ್ಲೂ ಇಲ್ಲ, ಹೆಂಗಸರಲ್ಲೂ ಇಲ್ಲ.

ಲೂಯಿಸ್ ಗೆದ್ದದ್ದು 1984 ಮತ್ತು 1988ರಲ್ಲಿ. ಅದರಲ್ಲೂ 1988ರ ಸೋಲ್ ಫೈನಲ್‌ನಲ್ಲಿ ಮೊದಲು ಗುರಿ ಮುಟ್ಟಿದವರು ಬೆನ್ ಜಾನ್ಸನ್. ಅವರು ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದ ಮೇಲೆ ಚಿನ್ನ ಲೂಯಿಸ್‌ಗೆ ಬಂತು. ಅಂದರೆ ಟೈಯಸ್‌ಗಿಂತ ಪೂರ್ತಿ 20 ವರ್ಷ ತಡ. ಯಾರಾದರೂ ಆರ್ಚಿ ಹಾನ್ ಅಂತ ತಗಾದೆ ತೆಗೆದರೆ ಅದಕ್ಕೂ ಉತ್ತರ ಇಟ್ಟುಕೊಳ್ಳಿ. ಹಾನ್ 1904ರಲ್ಲಿ ಗೆದ್ದು, 1906ರಲ್ಲಿ ಅಥೆನ್ಸ್‌ನಲ್ಲಿ ಮತ್ತೆ ಗೆದ್ದರು. ಆದರೆ 1906ರ ಕೂಟವನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಲಿಂಪಿಕ್ಸ್ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಉತ್ತರ ಇಷ್ಟೇ. ಆದರೆ ಹೆಸರು ಕೇಳಿಯೇ ಇರಲಿಲ್ಲ, ಇವರು ಯಾರು ಅಂತಲೂ ಕೇಳಿದ್ದೀರಿ. ಓಟದ ಹುಚ್ಚು ಇರುವವನಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡ್ತಾನಾ! ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಟೈಯಸ್ ಹುಟ್ಟಿದ್ದು 1945ರ ಆಗಸ್ಟ್ 29ರಂದು, ಜಾರ್ಜಿಯಾ ರಾಜ್ಯದ ಗ್ರಿಫಿನ್ ಎಂಬ ಊರಿನಲ್ಲಿ. ಅಪ್ಪ ಡೇರಿ ಫಾರ್ಮ್‌ನಲ್ಲಿ ಕೆಲಸಕ್ಕಿದ್ದರು, ಅಮ್ಮ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಲ್ಲಿ ದುಡಿಯುತ್ತಿದ್ದರು. ಮೂವರು ಅಣ್ಣಂದಿರ ಮೇಲೆ ಇವರೊಬ್ಬರೇ ಹೆಣ್ಣು, ಎಲ್ಲರಿಗಿಂತ ಚಿಕ್ಕವರು. ಕರಿಯರಿಗೆ ಬೇರೆ ಶಾಲೆ, ಬಿಳಿಯರಿಗೆ ಬೇರೆ ಶಾಲೆ ಇದ್ದ ಕಾಲ ಅದು. ಮನೆಯ ಹತ್ತಿರವೇ ಬಿಳಿಯ ಮಕ್ಕಳ ಶಾಲೆ ಇತ್ತು. ಅಲ್ಲಿಗೆ ಇವರು ಹೋಗುವಂತಿಲ್ಲ. ತಮ್ಮ ಶಾಲೆಗೆ ಬಸ್ಸಿನಲ್ಲಿ ದೂರ ಹೋಗಬೇಕು. ಅಣ್ಣಂದಿರು ಆಡುವಾಗ ತಂಗಿಯನ್ನೂ ಸೇರಿಸಿಕೊಳ್ಳಲೇಬೇಕು ಅನ್ನುವುದು ಅಪ್ಪನ ಕಟ್ಟುನಿಟ್ಟಿನ ಮಾತು. ಹಾಗಾಗಿ ಹುಡುಗರ ಜೊತೆ ಓಡಿ, ಬಿದ್ದು, ಜಗಳ ಆಡಿಯೇ ಬೆಳೆದರು.

ಹದಿನೈದನೇ ವಯಸ್ಸಿಗೆ ಅಪ್ಪ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ಮನೆಯೂ ಬೆಂಕಿಗೆ ಸುಟ್ಟುಹೋಗಿತ್ತು. ಹುಡುಗಿ ಮಾತೇ ಕಡಿಮೆ ಮಾಡಿಬಿಟ್ಟಳು. ಕೇಳಿದ್ದಕ್ಕೆ ಒಂದೊಂದು ಪದದ ಉತ್ತರ, ಅಷ್ಟೇ. ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಳು, ಹೈಜಂಪ್ ಮಾಡುತ್ತಿದ್ದಳು, ಓಟ ಆಮೇಲೆ ಬಂತು. ಜಾರ್ಜಿಯಾದ ಶಾಲಾ ಕ್ರೀಡಾಕೂಟವೊಂದರಲ್ಲಿ ಅವಳನ್ನು ಎಡ್ ಟೆಂಪಲ್ ನೋಡಿದರು. ಕಥೆ ತಿರುಗುವುದು ಅಲ್ಲಿಂದ.

ಟೆಂಪಲ್ ಬಗ್ಗೆ ಹೇಳದೆ ಟೈಯಸ್ ಬಗ್ಗೆ ಹೇಳಲು ಆಗುವುದಿಲ್ಲ. ನ್ಯಾಶ್‌ವಿಲ್‌ನ ಟೆನ್ನೆಸೀ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರು ಹೆಣ್ಣುಮಕ್ಕಳ ಓಟದ ತಂಡ ಕಟ್ಟಿದ್ದರು. ತಂಡದ ಹೆಸರು ಟೈಗರ್‌ಬೆಲ್ಸ್. 1960ರಲ್ಲಿ ರೋಮ್‌ನಲ್ಲಿ ಮೂರು ಚಿನ್ನ ಗೆದ್ದ ವಿಲ್ಮಾ ರುಡಾಲ್ಫ್ ಅಲ್ಲಿಯವರೇ. ಟೆಂಪಲ್ ಕೈಕೆಳಗೆ 40 ಮಂದಿ ಒಲಿಂಪಿಕ್ಸ್‌ಗೆ ಹೋದರು, 23 ಪದಕ ತಂದರು. ಹಣ ಸುರಿದು ಕಟ್ಟಿದ ತಂಡ ಅಂದುಕೊಳ್ಳಬೇಡಿ. ಹುಡುಗಿಯರಿಗೆ ಕ್ರೀಡಾ ಸ್ಕಾಲರ್‌ಶಿಪ್ ಅನ್ನುವುದೇ ಇರಲಿಲ್ಲ. ದಿನಕ್ಕೆ ಎರಡು ಗಂಟೆ ಕ್ಯಾಂಪಸ್‌ನಲ್ಲೇ ಏನಾದರೂ ಕೆಲಸ ಮಾಡಿ ಓದಿನ ಖರ್ಚು ಹೊಂದಿಸಬೇಕು. ಕೂಟಗಳಿಗೆ ಹೋಗುವಾಗ ಕಾರು ಓಡಿಸುವವರು ಕೋಚೇ. ದಾರಿಯ ಹೋಟೆಲುಗಳು ಕರಿಯರಿಗೆ ಊಟ ಬಡಿಸುತ್ತಿರಲಿಲ್ಲ, ಹಾಗಾಗಿ ಊಟ ಕಟ್ಟಿಕೊಂಡೇ ಹೊರಡಬೇಕಿತ್ತು. ಬೇಸಿಗೆಯ ತರಬೇತಿಯಲ್ಲಿ ದಿನಕ್ಕೆ ಮೂರು ಹೊತ್ತು ಓಟ, ಮೊದಲನೆಯದು ಬೆಳಗಿನ ಜಾವ ಐದಕ್ಕೆ. ಮೂರನೆಯದು ಮಧ್ಯಾಹ್ನದ ಸುಡು ಬಿಸಿಲಲ್ಲಿ!

ಟೈಯಸ್ ಅಲ್ಲಿಗೆ ಹೋದ ಹೊಸದರಲ್ಲಿ ಸೋತದ್ದೇ ಜಾಸ್ತಿ. ಊರಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡುತ್ತಿದ್ದವಳಿಗೆ ಅಲ್ಲಿ ಪ್ರಾಕ್ಟೀಸ್‌ನಲ್ಲೂ ಮುಂದೆ ನಾಲ್ಕು ಬೆನ್ನು ಕಾಣುತ್ತಿದ್ದವು. ಟೈಗರ್‌ಬೆಲ್ಸ್ ಯಾಕೆ ಅಷ್ಟು ಗೆದ್ದರು ಅಂತ ಕೇಳಿದರೆ ನನ್ನ ಉತ್ತರ ಇದೇ. ದಿನಾ ಸಂಜೆ ಪಕ್ಕದ ಲೇನ್‌ನಲ್ಲೇ ಒಲಿಂಪಿಕ್ಸ್ ಮಟ್ಟದ ಓಟಗಾರ್ತಿ ಇದ್ದರೆ ಫೈನಲ್ಲಿಗೆ ಹೋದಾಗ ಹೊಸದಾಗಿ ಹೆದರುವುದಕ್ಕೆ ಏನೂ ಉಳಿದಿರುವುದಿಲ್ಲ.

1964ರ ಟೋಕಿಯೊಗೆ ಬರೋಣ. ಆ ತಂಡದ ತಾರೆ ಟೈಯಸ್ ಅಲ್ಲ, ಈಡಿತ್ ಮೆಕ್‌ಗ್ವಾಯರ್. ಅಟ್ಲಾಂಟಾದವರು, ಅವರೂ ಟೈಗರ್‌ಬೆಲ್, ಟೈಯಸ್‌ಗೆ ಒಂಥರಾ ಅಕ್ಕನ ಹಾಗೆ. ಪತ್ರಿಕೆಗಳು ಈಡಿತ್ ಹಿಂದೆಯೇ ಬಿದ್ದಿದ್ದವು. ಟೆಂಪಲ್ ಅವರೂ ಟೈಯಸ್‌ಗೆ, ನಿನ್ನ ಕಾಲ 1968, ಈಗ ಫೈನಲ್ ತನಕ ಹೋಗಿ ಅನುಭವ ಮಾಡಿಕೋ ಅನ್ನುವ ಧಾಟಿಯಲ್ಲೇ ಹೇಳಿದ್ದರು. ಟೈಯಸ್‌ಗೆ ಆಗ 19. ಫೈನಲ್‌ಗೂ ಮುಂಚಿನ ಸುತ್ತಿನ ಓಟದಲ್ಲೇ ರುಡಾಲ್ಫ್ ಅವರ 11.2 ಸೆಕೆಂಡಿನ ವಿಶ್ವದಾಖಲೆಯನ್ನು ಸರಿಗಟ್ಟಿಬಿಟ್ಟರು. ಫೈನಲ್‌ನಲ್ಲಿ 11.4. ಎರಡನೆಯವರಾಗಿ ಈಡಿತ್ 11.6, ಅದೇ ಸಮಯಕ್ಕೆ ಪೋಲೆಂಡಿನ ಇವಾ ಕ್ಲೊಬುಕೊವ್ಸ್ಕಾ ಮೂರನೆಯವರು. ಒಂದೇ ಕೋಚ್, ಒಂದೇ ಮೈದಾನ, ಮೊದಲ ಎರಡು ಪದಕ. ಈಡಿತ್ 200 ಮೀಟರ್ ಗೆದ್ದರು. ರಿಲೇಯಲ್ಲಿ ಪೋಲೆಂಡ್ ಮುಂದೆ, ಅಮೆರಿಕಕ್ಕೆ ಬೆಳ್ಳಿ.

ಇಲ್ಲೊಂದು ನಮ್ಮ ಕಡೆಯ ಮಾತು ಸೇರಿಸುತ್ತೇನೆ, ಸುಮ್ನೆ ಖುಷಿಗೆ. ಅದೇ ಟೋಕಿಯೊ ಟ್ರ್ಯಾಕ್‌ನಲ್ಲಿ ಭಾರತದ ಪರವಾಗಿ ಓಡಿದ ಸ್ಪ್ರಿಂಟರ್ ಕೆನೆತ್ ಪೊವೆಲ್ ನಮ್ಮ ಕೋಲಾರದವರು. ಮರುವರ್ಷ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಸಿಂಥೆಟಿಕ್ ಟ್ರ್ಯಾಕ್ ಬರುವ ಮುಂಚಿನ ಕೊನೆಯ ಒಲಿಂಪಿಕ್ಸ್ ಅದು. ಮಣ್ಣಿಗೆ ಕಚ್ಚುವ ಉದ್ದ ಮೊಳೆಯ ಸ್ಪೈಕ್ಸ್, ಹಿಂದಿನ ಸುತ್ತಿನವರು ಕೆದರಿ ಹೋದ ಲೇನ್. 11.4 ಅನ್ನುವ ಅಂಕಿಯನ್ನು ಇವತ್ತಿನ ರಬ್ಬರ್ ಟ್ರ್ಯಾಕಿನ ಅಂಕಿಯ ಪಕ್ಕ ಇಟ್ಟು ಅಳೆಯಬೇಡಿ.

ಮಧ್ಯದ ನಾಲ್ಕು ವರ್ಷ ಬೇಗ ಹೇಳಿ ಮುಗಿಸುತ್ತೇನೆ. 1965ರಲ್ಲಿ ಕೀವ್‌ನಲ್ಲಿ ನಡೆದ ಅಮೆರಿಕ-ಸೋವಿಯತ್ ಕೂಟದಲ್ಲಿ 11.1 ಓಡಿ ವಿಶ್ವದಾಖಲೆ ಸರಿಗಟ್ಟಿದರು. 1967ರ ಪ್ಯಾನ್ ಅಮೆರಿಕನ್ ಗೇಮ್ಸ್‌ನಲ್ಲಿ 200 ಮೀಟರ್ ಚಿನ್ನ. ಮಧ್ಯೆ ಒಂದಿಷ್ಟು ಸೋಲೂ ಇದ್ದವು. ವಯಸ್ಸು 23 ಆಗುವ ಹೊತ್ತಿಗೆ, ಆ ಕಾಲದ ಅಮೆರಿಕದಲ್ಲಿ ಹೆಣ್ಣು ಓಟಗಾರ್ತಿಗೆ ಇನ್ನೇನು ಮುಗಿಯಿತು ಅನ್ನುವ ಮಾತು. ಓಟದಿಂದ ಹಣ ಪಡೆದರೆ ಒಲಿಂಪಿಕ್ಸ್‌ನಿಂದ ಹೊರಗೆ ಅನ್ನುವ ಹವ್ಯಾಸಿ ನಿಯಮ ಬೇರೆ ಇತ್ತು. ಓದು ಮುಗಿದ ಮೇಲೆ ಯಾರು ತಾನೆ ಓಡುತ್ತಾ ಕೂರುತ್ತಾರೆ?

ಇನ್ನು ಮೆಕ್ಸಿಕೊ. ನನ್ನ ಪ್ರಕಾರ ಅವರ ಜೀವನದ ದೊಡ್ಡ ಓಟ ಅದು. ಟೋಕಿಯೊದಲ್ಲಿ ಯಾರೂ ಅವರನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ, ಹಾಗಾಗಿ ಕಳೆದುಕೊಳ್ಳುವುದಕ್ಕೂ ಏನೂ ಇರಲಿಲ್ಲ. ಇಲ್ಲಿ ಹಾಗಲ್ಲ. ಪಟ್ಟ ಅವರದು, ಅದನ್ನು ಕಿತ್ತುಕೊಳ್ಳಲು ಬಂದವರು ಒಬ್ಬಿಬ್ಬರಲ್ಲ. ತಮ್ಮದೇ ತಂಡದ ಬಾರ್ಬರಾ ಫೆರೆಲ್, ಮಾರ್ಗರೆಟ್ ಬೇಲ್ಸ್, ಪೋಲೆಂಡಿನ ಇರೇನಾ ಶೆವಿನ್ಸ್ಕಾ ಎಲ್ಲರೂ 11.1ರ ವಿಶ್ವದಾಖಲೆಯಲ್ಲಿ ಪಾಲುದಾರರೇ. ಅಂಥವರು ಅಕ್ಟೋಬರ್ 15ರಂದು ಒಂದೇ ಗೆರೆಯ ಹಿಂದೆ ಬಂದು ನಿಂತರು.

ಆಗ ಟೈಯಸ್ ಏನು ಮಾಡಿದರು ಗೊತ್ತಾ? ಕುಣಿದರು. ಬ್ಲಾಕ್ ಹಿಂದೆ ನಿಂತು, ಆ ವರ್ಷ ಅಮೆರಿಕದಲ್ಲಿ ಎಲ್ಲರ ಬಾಯಲ್ಲಿದ್ದ ಒಂದು ಹಾಡಿನ ಹೆಜ್ಜೆ ಹಾಕಿದರು. ಪಕ್ಕದವರು ಮುಖ ಬಿಗಿದುಕೊಂಡು ನೆಲ ನೋಡುತ್ತಿರುವಾಗ ಇವರು ಭುಜ ಕುಣಿಸುತ್ತಾ ಮೈ ಸಡಿಲ ಮಾಡಿಕೊಳ್ಳುತ್ತಿದ್ದರು. ಸ್ಪ್ರಿಂಟ್‌ನಲ್ಲಿ ಬಿಗಿಯಾದ ಮೈ ಅಂದರೆ ನಿಧಾನದ ಮೈ. ದವಡೆ ಬಿಗಿದರೆ ಕುತ್ತಿಗೆ ಬಿಗಿಯುತ್ತದೆ, ಭುಜ ಮೇಲೇರುತ್ತದೆ, ಕೈ ಬೀಸುವುದು ಗಿಡ್ಡವಾಗುತ್ತದೆ, ಕಾಲೂ ಅದರ ಹಿಂದೆಯೇ. ಇದು ತಾಲ್ಲೂಕು ಮಟ್ಟದಲ್ಲಿ ಓಡಿದವರಿಗೂ ಗೊತ್ತು. ಗೊತ್ತಿದ್ದು ಮಾಡೋದು ಬೇರೆ ಮಾತು. ಪಕ್ಕದ ಲೇನ್‌ನವರು, ಇವಳಿಗೆ ಭಯವೇ ಇಲ್ವಾ ಅಂತ ಅಂದುಕೊಂಡಿದ್ದರೆ ಅದೂ ಲಾಭವೇ.

ಗುರಿ ಮುಟ್ಟಿದಾಗ 11.0, ಹೊಸ ವಿಶ್ವದಾಖಲೆ. ಎಲೆಕ್ಟ್ರಾನಿಕ್ ಲೆಕ್ಕದಲ್ಲಿ 11.08. ಫೆರೆಲ್ ಎರಡನೆಯವರು, ಶೆವಿನ್ಸ್ಕಾ ಮೂರನೆಯವರು. 200 ಮೀಟರ್‌ನಲ್ಲಿ ಆರನೇ ಸ್ಥಾನ. ಆಮೇಲೆ 4x100 ರಿಲೇಯಲ್ಲಿ ಕೊನೆಯ ಬ್ಯಾಟನ್ ಹಿಡಿದು ಓಡಿ ಇನ್ನೊಂದು ಚಿನ್ನ, ಇನ್ನೊಂದು ವಿಶ್ವದಾಖಲೆ. ಎರಡು ಒಲಿಂಪಿಕ್ಸ್ ಸೇರಿ ಮೂರು ಚಿನ್ನ, ಒಂದು ಬೆಳ್ಳಿ.

ಇಷ್ಟೆಲ್ಲ ಆಗಿಯೂ ಹೆಸರು ಯಾಕೆ ನಮ್ಮ ಕಿವಿಗೆ ಬೀಳಲಿಲ್ಲ? ಒಂದು ಕಾರಣ ತಾರೀಖು. ಮರುದಿನ, ಅಕ್ಟೋಬರ್ 16ರಂದು, ಗಂಡಸರ 200 ಮೀಟರ್ ಪದಕ ವೇದಿಕೆಯ ಮೇಲೆ ಅಮೆರಿಕದ ಕರಿಯ ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ವರ್ಣಭೇದದ ವಿರುದ್ಧ ಕಪ್ಪು ಕೈಗವಸು ತೊಟ್ಟ ಮುಷ್ಟಿ ಎತ್ತಿದರು. ಆ ಫೋಟೊ ನೀವೂ ನೋಡಿರುತ್ತೀರಿ. ಇಬ್ಬರನ್ನೂ ಅಮೆರಿಕದ ತಂಡದಿಂದ ಹೊರಗೆ ಹಾಕಿದರು. ಆಮೇಲೆ ಜಗತ್ತಿನ ಪತ್ರಿಕೆಗಳಲ್ಲಿ ಅದೇ ಸುದ್ದಿ. ಹಿಂದಿನ ದಿನ ನಡೆದ ಹೆಂಗಸರ 100 ಮೀಟರ್ ಯಾರಿಗೆ ನೆನಪಿರುತ್ತೆ?

ಆದರೆ ಮೆಕ್ಸಿಕೊದಲ್ಲಿ ಟೈಯಸ್ ಕೂಡ ಸುಮ್ಮನಿರಲಿಲ್ಲ. ತಂಡಕ್ಕೆ ಕೊಟ್ಟದ್ದು ಬಿಳಿ ಚಡ್ಡಿ. ಅವರು ಅದನ್ನು ಬಿಟ್ಟು ಕಡು ಬಣ್ಣದ, ದೂರಕ್ಕೆ ಕಪ್ಪು ಅನ್ನಿಸುವ ಚಡ್ಡಿ ಹಾಕಿಕೊಂಡು ಓಡಿದರು. ವರ್ಣಭೇದದ ವಿರುದ್ಧ ಅವರದೇ ರೀತಿಯ ಪ್ರತಿಭಟನೆ. ಯಾರೂ ಕೇಳಲಿಲ್ಲ, ಅವರೂ ಡಂಗುರ ಹೊಡೆಯಲಿಲ್ಲ. ರಿಲೇ ಗೆದ್ದ ಮೇಲೆ ಮಾತ್ರ ಬಾಯಿಬಿಟ್ಟು ಹೇಳಿದರು: ಈ ಗೆಲುವು ಸ್ಮಿತ್ ಮತ್ತು ಕಾರ್ಲೋಸ್‌ಗೆ ಅಂತ. ಆ ಇಬ್ಬರನ್ನು ಆಗಷ್ಟೇ ಹೊರಗೆ ಹಾಕಿದ್ದರು, ಅವರ ಹೆಸರು ಎತ್ತುವುದೇ ಅಪಾಯವಾಗಿದ್ದ ಹೊತ್ತು. ನನಗೆ ಬೇಸರದ ಸಂಗತಿ ಇನ್ನೊಂದಿದೆ. ಒಲಿಂಪಿಕ್ಸ್‌ಗೆ ಮುಂಚೆ ಹ್ಯಾರಿ ಎಡ್ವರ್ಡ್ಸ್ ಮುಂದಾಳತ್ವದಲ್ಲಿ ಕರಿಯ ಕ್ರೀಡಾಪಟುಗಳು ಬಹಿಷ್ಕಾರದ ಚರ್ಚೆ ನಡೆಸಿದ್ದರಲ್ಲ, ಆಗ ಹೆಣ್ಣು ಓಟಗಾರ್ತಿಯರನ್ನು ಒಂದು ಮಾತು ಕೇಳುವ ಗೋಜಿಗೂ ಹೋಗಲಿಲ್ಲ. ಬಣ್ಣದ ಕಾರಣಕ್ಕೆ ಒಂದು ಕಡೆ ಹೊರಗೆ, ಹೆಣ್ಣು ಅನ್ನುವ ಕಾರಣಕ್ಕೆ ಇನ್ನೊಂದು ಕಡೆ ಹೊರಗೆ. ಆದರೂ ಬೆಂಬಲ ಕೊಡುವ ಹೊತ್ತಿಗೆ ಅವರು ಹಿಂಜರಿಯಲಿಲ್ಲ.

ಮೆಕ್ಸಿಕೊ ಆದ ಮೇಲೆ ಓಟ ಬಿಟ್ಟರು. 1972ರ ಮ್ಯೂನಿಕ್‌ನಲ್ಲಿ ಪೂರ್ವ ಜರ್ಮನಿಯ ರೆನಾಟೆ ಸ್ಟೆಷರ್ 11.07ಕ್ಕೆ ಗೆದ್ದರು. ಟೈಯಸ್ ಅವರ 11.08ಕ್ಕಿಂತ ನೂರನೇ ಒಂದು ಸೆಕೆಂಡ್ ಕಡಿಮೆ. ಹಾಗಂತ ಇವರು ಇದ್ದಿದ್ದರೆ ಮೂರನೇ ಚಿನ್ನ ಅಂತ ನಾನು ಹೇಳಲ್ಲ. ಮೆಕ್ಸಿಕೊ ಸಿಟಿ 2,200 ಮೀಟರ್‌ಗಿಂತ ಎತ್ತರದ ಊರು, ತೆಳು ಗಾಳಿ ಸ್ಪ್ರಿಂಟರ್‌ಗಳಿಗೆ ಅನುಕೂಲ. ಆದರೆ 27ನೇ ವಯಸ್ಸಿಗೆ ಇಂಥವರು ಮನೆಯಲ್ಲಿ ಇರಬೇಕಾಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ. ಅದು ಉತ್ಪ್ರೇಕ್ಷೆ ಅಲ್ಲ ಅನ್ನುವುದಕ್ಕೆ ಮುಂದಿನದು ನೋಡಿ. 1973ರಲ್ಲಿ ಅಮೆರಿಕದಲ್ಲಿ ವೃತ್ತಿಪರ ಟ್ರ್ಯಾಕ್ ಸರಣಿ ಶುರುವಾದಾಗ ಟೈಯಸ್ ಮತ್ತೆ ಸ್ಪೈಕ್ಸ್ ಹಾಕಿದರು. ಮೊದಲ ವರ್ಷ 18 ಓಟಗಳಲ್ಲಿ 8 ಗೆದ್ದರು. ಎರಡನೇ ವರ್ಷ 22ಕ್ಕೆ 22! ಆ ಸರಣಿ 1976ರ ಹೊತ್ತಿಗೆ ಮುಚ್ಚಿಹೋಯಿತು.

ಉಳಿದದ್ದು ಚುಟುಕಾಗಿ. ಟೆನಿಸ್ ತಾರೆ ಬಿಲ್ಲಿ ಜೀನ್ ಕಿಂಗ್ ಜೊತೆ ಮಹಿಳಾ ಕ್ರೀಡಾ ಪ್ರತಿಷ್ಠಾನ ಕಟ್ಟಿದವರಲ್ಲಿ ಇವರೂ ಒಬ್ಬರು. 1980ರಲ್ಲಿ ಅಮೆರಿಕದ ಟ್ರ್ಯಾಕ್ ಅಂಡ್ ಫೀಲ್ಡ್ ಹಾಲ್ ಆಫ್ ಫೇಮ್‌ಗೆ ಸೇರಿದರು. 1984ರ ಲಾಸ್ ಏಂಜಲೀಸ್ ಉದ್ಘಾಟನೆಯಲ್ಲಿ ಒಲಿಂಪಿಕ್ ಧ್ವಜ ಹಿಡಿದು ನಡೆದವರಲ್ಲಿ ಅವರೂ ಇದ್ದರು. ಹೊಟ್ಟೆಪಾಡಿಗೆ ಲಾಸ್ ಏಂಜಲೀಸ್ ಶಾಲೆಗಳ ಮಕ್ಕಳಿಗೆ ಕಾಡುಮೇಡಿನಲ್ಲಿ ಗಿಡ, ಪ್ರಾಣಿ ತೋರಿಸಿ ಪಾಠ ಹೇಳುವ ಕೆಲಸ ಮಾಡಿದರು. ಹುಟ್ಟೂರು ಗ್ರಿಫಿನ್‌ನಲ್ಲಿ ಈಗ ಅವರ ಹೆಸರಿನ ದೊಡ್ಡ ಪಾರ್ಕ್ ಇದೆ, 160 ಎಕರೆಗಿಂತ ಜಾಸ್ತಿ.

ಮುಂದಿನ ಕ್ವಿಜ್‌ಗೆ ಬೇಕಾದರೆ ಪೂರ್ತಿ ಪಟ್ಟಿಯೂ ಇಟ್ಟುಕೊಳ್ಳಿ. 100 ಮೀಟರ್ ಚಿನ್ನವನ್ನು ಸತತ ಎರಡು ಸಲ ಗೆದ್ದವರು ಟೈಯಸ್, ಆಮೇಲೆ ಲೂಯಿಸ್, 1992 ಮತ್ತು 1996ರಲ್ಲಿ ಗೇಲ್ ಡಿವರ್ಸ್, 2008 ಮತ್ತು 2012ರಲ್ಲಿ ಶೆಲ್ಲಿ-ಆನ್ ಫ್ರೇಸರ್-ಪ್ರೈಸ್, 2016ರ ರಿಯೊ ಮತ್ತು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎಲೇನ್ ಥಾಂಪ್ಸನ್-ಹೇರಾ. ಬೋಲ್ಟ್ 2008ರಿಂದ 2016ರ ತನಕ ಮೂರೂ ಗೆದ್ದು ಎಲ್ಲರಿಗಿಂತ ಮುಂದೆ ಇದ್ದಾರೆ. ಹೆಂಗಸರಲ್ಲಿ ಸತತ ಮೂರು ಗೆದ್ದವರು ಇನ್ನೂ ಯಾರೂ ಇಲ್ಲ.