ಅಮ್ಮನ ಕೀಮೋ ಮುಗಿದು ರಿಪೋರ್ಟೂ ಚೆನ್ನಾಗಿ ಬಂದಿದೆ. ಈಗ ನನಗೇಕೆ ಅಳು, ನಿದ್ದೆ ಏಕೆ ಬರುತ್ತಿಲ್ಲ?

ಇಷ್ಟು ದಿನ ಕುಸಿಯಲು ನಿಮಗೆ ಪುರುಸೊತ್ತೇ ಇರಲಿಲ್ಲ, ಅದಕ್ಕೇ ಈಗ ಕುಸಿಯುತ್ತಿದ್ದೀರಿ. ರೋಗಿಯನ್ನು ನೋಡಿಕೊಳ್ಳುವ ಮನೆಯವರಲ್ಲಿ ಇದು ತುಂಬಾ ಸಾಮಾನ್ಯ.

ಚಿಕಿತ್ಸೆ ನಡೆಯುವಾಗ ಭಯವನ್ನು ಕೆಲಸ ಮುಚ್ಚಿಡುತ್ತದೆ. ಕೀಮೋ ಆದ ಮೇಲೆ ಬಿಳಿ ರಕ್ತಕಣ ಕಡಿಮೆಯಾಗಿ ಸೋಂಕು ಬೇಗ ತಗಲುತ್ತದೆ, ಹಾಗಾಗಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ತಕ್ಷಣ ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿರುತ್ತಾರೆ. ಅಲ್ಲಿಂದ ನೀವು ರಾತ್ರಿಯೆಲ್ಲ ಒಂದು ಕಿವಿ ಅಮ್ಮನ ಕಡೆಗೇ ಇಟ್ಟು ಮಲಗಿದ್ದೀರಿ, ಬೆಳಗಾದರೆ ರಕ್ತಪರೀಕ್ಷೆ, ಇನ್ಶೂರೆನ್ಸ್, ನೆಂಟರ ಫೋನು. ಹೀಗೆ ಎದುರಿಗಿರುವ ಕೆಲಸದಲ್ಲಿ ಮುಳುಗುವುದೂ ಸಂಕಟ ತಡೆದುಕೊಳ್ಳುವ ಒಂದು ದಾರಿಯೇ. ಕೆಟ್ಟದ್ದೇನಲ್ಲ. ಆದರೆ ಕೆಲಸ ನಿಂತಾಗ ಒಳಗಿದ್ದದ್ದೆಲ್ಲ ಒಟ್ಟಿಗೆ ಮೇಲೆ ಬರುತ್ತದೆ. ದೇಹವೂ ಎಚ್ಚರದ ಅಭ್ಯಾಸವನ್ನು ಅಷ್ಟು ಬೇಗ ಬಿಡುವುದಿಲ್ಲ, ಅದಕ್ಕೇ ನಿದ್ದೆ ಇಲ್ಲ. ಮುಂದಿನ ಸ್ಕ್ಯಾನ್ ಹತ್ತಿರ ಬಂದಾಗ ಇದು ಇನ್ನೂ ಜಾಸ್ತಿ ಆಗಬಹುದು.

"ಅವರೇ ಹುಷಾರಾಗಿದ್ದಾರೆ, ನಿನಗೇನು ಕಷ್ಟ" ಎನ್ನುವವರಿಗೆ ವಿವರಿಸಲು ಹೋಗಬೇಡಿ, ಸುಮ್ನೆ ದಣಿವು. ಅಮ್ಮನ ಹತ್ತಿರವೇ ಸ್ವಲ್ಪ ಹೇಳಿ ನೋಡಿ. ಅವರೂ ನಿಮಗೋಸ್ಕರ ಧೈರ್ಯದ ಮುಖ ಹಾಕಿಕೊಂಡಿರಬಹುದು, ಅಲ್ವಾ? ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಅಥವಾ ಬದುಕೇ ಬೇಡ ಅನಿಸಿದರೆ (ಆಗಂತೂ ಒಂದು ದಿನವೂ ಕಾಯಬೇಡಿ), ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.