ಕೊಡವ ಗೆಳೆಯನನ್ನು ಕರೆದು 'ಕೂರ್ಗ್ ನೈಟ್' ಊಟ ಇಟ್ಟರೆ ಅವನಿಗೆ ಬೇಜಾರಾಗುತ್ತಾ?

ಕೊಡಗಿನ ಅಡುಗೆ, ಕೊಡವರ ವೇಷ ಎರಡೂ ಇರುವ 'ಕೂರ್ಗ್ ನೈಟ್' ಪಾರ್ಟಿ ಇಟ್ಟರೆ ಬೇಜಾರಾದೀತು ಅಂತ ಆ ಕೊಡವ ಗೆಳೆಯನೊಬ್ಬನನ್ನೇ ಪಟ್ಟಿಯಿಂದ ಬಿಡೋಣವೇ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಅವನ ಊರಿನ ಅಡುಗೆ ಮಾಡಿ ಅವನನ್ನು ಬಿಟ್ಟು ಉಳಿದವರನ್ನೆಲ್ಲ ಕರೆಯೋದು ಯಾವ ನ್ಯಾಯ? ಬಿಡಬೇಕಾದದ್ದು ವೇಷವನ್ನು.

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಾನೂ ಇದೇ ಪಾರ್ಟಿ ಮಾಡಿದ್ದೆ. ಪಂದಿಕರಿ ಅನ್ನೋ ಹಂದಿಮಾಂಸದ ಅಡುಗೆ, ಅಕ್ಕಿ ಉಂಡೆಯ ಕಡಂಬುಟ್ಟು, ಶಾವಿಗೆಯಂಥ ನೂಲ್‌ಪುಟ್ಟು, ಮಾಂಸ ತಿನ್ನದವರಿಗೆ ಕಳಲೆ ಪಲ್ಯ. ಪಂದಿಕರಿಗೆ ಹಾಕುವ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಸಿಗದೆ ಹುಣಸೆಹುಳಿ ಸುರಿದಿದ್ದೆ. ಕೊಡಗಿನ ಗೆಳೆಯ ಬೇಗ ಬಂದು, ಒಲೆ ಮುಂದೆಯೇ ರುಚಿ ನೋಡಿ, "ಇದು ಪಂದಿಕರಿ ಅಲ್ಲ ಮಾರಾಯ, ಹಂದಿ ಹಾಕಿದ ಸಾರು" ಅಂತ ನಕ್ಕ. ಅಡುಗೆಯ ವಿಷಯ ಅಲ್ಲಿಗೆ ಮುಗಿಯಿತು. ಊಟಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಆಮೇಲೆ ನಾನು ಒಳಗೆ ಹೋಗಿ ಬಟ್ಟೆ ಬದಲಿಸಿ ಬಂದೆ. ನಾಟಕದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯಿಂದ ಕುಪ್ಯ, ಅಂದರೆ ಕೊಡವ ಗಂಡಸರ ಉದ್ದ ನಿಲುವಂಗಿ ತಂದಿದ್ದೆ. ಅಲ್ಲಿ ಕಪ್ಪೂ ಇತ್ತು, ಬಿಳಿಯೂ ಇತ್ತು. ಕಪ್ಪು ಕುಪ್ಯ, ಸೊಂಟಕ್ಕೆ ಸುತ್ತುವ ಕೆಂಪು ಚೇಲೆ ನೀವು ಫೋಟೋಗಳಲ್ಲಿ ನೋಡಿರುತ್ತೀರಿ, ಹಬ್ಬ ಮದುವೆಗೆ ಗಂಡಸರು ಹಾಕುವುದು ಅದನ್ನೇ. ನನಗೋ ಬಿಳಿಯದು ಎದ್ದು ಕಾಣುತ್ತೆ ಅನಿಸಿತು. ಕೊಡವರಲ್ಲಿ ಬಿಳಿ ಕುಪ್ಯ ಹಾಕುವುದು ಮದುಮಗನಿಗೆ, ಇಲ್ಲವೇ ತೀರಿಕೊಂಡವರಿಗೆ. ಗೆಳೆಯನ ತಂದೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವರು ತೀರಿಕೊಂಡಾಗ ಆಫೀಸಿನಿಂದ ಕೆಲವರು ವಿರಾಜಪೇಟೆವರೆಗೂ ಹೋಗಿ ಬಂದಿದ್ದರು. ನನಗೆ ರಜೆ ಸಿಕ್ಕಿತ್ತು, ಆದರೂ ದೂರ ಅಂತ ಹೋಗಿರಲಿಲ್ಲ. ಹೋಗಿದ್ದರೆ ಕಣ್ಣಾರೆ ನೋಡಿರುತ್ತಿದ್ದೆ, ಅಂಗಡಿಯಲ್ಲಿ ಆ ಬಟ್ಟೆಗೆ ಕೈ ಹಾಕುತ್ತಲೇ ಇರಲಿಲ್ಲ. ಬಣ್ಣದ ವಿಷಯ ಗೊತ್ತಿರಲಿಲ್ಲ ಅನ್ನೋದು ಬರೀ ನೆಪ. ಅದರ ಮೇಲೆ ಸೊಂಟಕ್ಕೆ ಪ್ಲಾಸ್ಟಿಕ್ ಪೀಚೆಕತ್ತಿ, ಅಂದರೆ ಕೊಡವರು ಚೇಲೆಗೆ ಸಿಕ್ಕಿಸುವ ಚೂರಿ ಬೇರೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಕತ್ತಿ ಪೂಜೆ ಮಾಡುವ ಜನರೆದುರು ನಾನು ಅದನ್ನು ಎಳೆದು ಸೆಲ್ಫಿಗೆ ನಿಂತಿದ್ದೆ!

ತಲೆನೋವು ಅಂತ ಹೇಳಿ ಅವನು ಊಟ ಮಾಡದೆ ಹೊರಟ. ಕಾರಣ ತಿಳಿದದ್ದು ಮಾರನೇ ದಿನ, ಅವನ ಹೆಂಡತಿಯಿಂದ. ಕ್ಷಮೆ ಕೇಳಿದೆ. "ಇರಲಿ ಬಿಡು" ಅಂದ. ದಿನಾ ಒಟ್ಟಿಗೆ ಟೀಗೆ ಹೋಗುತ್ತಿದ್ದೆವು, ಅದು ನಿಂತಿತು.

ಹಾಗಾಗಿ ನನ್ನ ಮಾತು ಕೇಳಿ. 'ಥೀಮ್' ಅನ್ನೋ ಬೋರ್ಡೇ ಬೇಡ. ಡ್ರೆಸ್ ಕೋಡ್ ಬೇಡ, ಕೊಡವ ಶೈಲಿ ಸೀರೆ ಉಡಿಸುವ ಸ್ಪರ್ಧೆ ಬೇಡ, ಹಾಲ್‌ನಲ್ಲಿ ವಾಲಗ ಹಾಕಿ ಕುಣಿಯೋದೂ ಬೇಡ. "ಶನಿವಾರ ಪಂದಿಕರಿ ಮಾಡ್ತಿದ್ದೀನಿ, ಬನ್ನಿ" ಅಂದರೆ ಸಾಕು. "ನಿನಗೆ ಪರವಾಗಿಲ್ವಾ?" ಅಂತ ಮೊದಲೇ ಅವನ ಒಪ್ಪಿಗೆ ಕೇಳೋದನ್ನು ಕೆಲವರು ದೊಡ್ಡ ಸೌಜನ್ಯ ಅಂದುಕೊಂಡಿದ್ದಾರೆ. ಎದುರಿಗೆ ಕೇಳಿದರೆ ಯಾರು ಇಲ್ಲ ಅಂತಾರೆ? ಅದರ ಬದಲು ಕಾಚಂಪುಳಿ ಎಲ್ಲಿ ಸಿಗುತ್ತೆ ಅಂತ ಕೇಳಿ. ಊರಿಂದ ತಂದ ಬಾಟಲಿ ಅವರ ಮನೆಯಲ್ಲೇ ಇರುವ ಸಾಧ್ಯತೆ ಜಾಸ್ತಿ. ಮಾಂಸ ಬೆಂದ ಮೇಲೆ ಕೊನೆಗೆ ಒಂಚೂರು ಹಾಕಿ, ರುಚಿ ನೋಡಿ, ಬೇಕಿದ್ದರೆ ಇನ್ನಷ್ಟು ಹಾಕಿ. ಒಂದೇ ಸಲ ಸುರಿದರೆ ಹುಳಿಗೆ ಬಾಯಿಗಿಡೋಕಾಗಲ್ಲ.