ಬಾಕಿ ಉಳಿದ ಅಧ್ಯಾಯಗಳು ಮತ್ತು ಒಬ್ಬ ತಾಯಿಯ ಭಯ

ಗುರುತು ಸಿಗುವ ವಿವರಗಳನ್ನು ಕೈಬಿಟ್ಟು, ಅವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದವರು ನಲವತ್ತರ ಆಸುಪಾಸಿನ ನರ್ಸ್, ಇಬ್ಬರು ಮಕ್ಕಳ ತಾಯಿ. ಪ್ರತಿ ಹೊಸ ವರ್ಷದ ಆರಾಧನೆಯಲ್ಲಿ ಈ ವರ್ಷ ಸತ್ಯವೇದವನ್ನು (ಬೈಬಲನ್ನು) ಪೂರ್ತಿ ಓದಿಯೇ ತೀರುತ್ತೇನೆಂದು ತೀರ್ಮಾನಿಸುತ್ತಾರೆ. ಮೊದಲ ಪುಸ್ತಕ ಆದಿಕಾಂಡ ಸರಾಗವಾಗಿ ಸಾಗುತ್ತದೆ. ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರದ ಅಳತೆಗಳು ಬಂದಾಗ ಓದು ಕುಂಟುತ್ತದೆ, ಯಾಜಕಕಾಂಡದಲ್ಲಿ ನಿಂತೇ ಹೋಗುತ್ತದೆ. ರಾತ್ರಿ ಪಾಳಿಯ ವಾರ ಬಂದರಂತೂ ಬಾಕಿ ಏರುತ್ತಲೇ ಇರುತ್ತದೆ. ದಿನಕ್ಕಿಷ್ಟು ಅಧ್ಯಾಯವೆಂದು ಹಂಚಿದ ಮೊಬೈಲಿನ ಪಟ್ಟಿ ಅದನ್ನು ದಿನವೂ ನೆನಪಿಸುತ್ತದೆ.

ಇಷ್ಟೇ ಆಗಿದ್ದರೆ ಅವರು ನನ್ನಲ್ಲಿಗೆ ಬರುತ್ತಿರಲಿಲ್ಲ. ಮಗನಿಗೆ ಡೆಂಗಿ ಬಂದು ಆಸ್ಪತ್ರೆಗೆ ಸೇರಿಸಿದ ರಾತ್ರಿ, ದೇವರು ಏನು ಹೇಳುತ್ತಾನೋ ನೋಡೋಣವೆಂದು ಕಣ್ಣುಮುಚ್ಚಿ ಪುಸ್ತಕ ಬಿಡಿಸಿ ಬೆರಳಿಟ್ಟರು. ಸಿಕ್ಕಿದ್ದು ಧರ್ಮೋಪದೇಶಕಾಂಡದ 28ನೇ ಅಧ್ಯಾಯ, ಶಾಪಗಳ ಸಾಲಿನಲ್ಲಿ ಜ್ವರದ ಹೆಸರೇ ಇರುವ ವಚನ. ಮಗ ಗುಣವಾಗಿ ಮನೆಗೆ ಬಂದರೂ ತಾಯಿಗೆ ನಿದ್ರೆ ಹತ್ತಲಿಲ್ಲ. "ಓದು ಬಿಟ್ಟದ್ದಕ್ಕೆ ಇದು ಶಿಕ್ಷೆಯೇ ಅಲ್ಲವೇ ಮೇಡಂ?" ಎಂದು ಕೇಳಿದರು.

ಊಟ, ನಿದ್ರೆ, ದಿನದ ಕೆಲಸಗಳ ಬಗ್ಗೆ ವಿಚಾರಿಸಿದೆ. ಪ್ರಾರ್ಥನೆ ಸರಿಯಾಗಲಿಲ್ಲವೆಂದು ಪುನಃ ಪುನಃ ಮೊದಲಿನಿಂದ ಹೇಳುತ್ತೀರಾ ಎಂದೂ ಕೇಳಿದೆ. ಇಂಥ ಅಪರಾಧಭಾವ ಕೆಲವೊಮ್ಮೆ ಗೀಳು ಕಾಯಿಲೆಯ ಲಕ್ಷಣವಾಗಿರುತ್ತದೆ. ಆಗ ಉಪದೇಶ ಸಾಲದು, ಮನೋವೈದ್ಯರನ್ನು ಕಾಣಬೇಕು. ಇವರಲ್ಲಿ ಆ ಲಕ್ಷಣ ಇರಲಿಲ್ಲ, ದಣಿವು ಮತ್ತು ಹೆದರಿಕೆ ಇದ್ದವು.

ಅದೇ 28ನೇ ಅಧ್ಯಾಯವನ್ನು ಇಬ್ಬರೂ ಕೂಡಿ ಮೊದಲಿನಿಂದ ಓದಿದೆವು. ಮೊದಲ 14 ವಚನಗಳು ಆಶೀರ್ವಾದದವು. ಯೊರ್ದನ್ ದಾಟುವ ಮುನ್ನ ಮೋವಾಬಿನಲ್ಲಿ ಮೋಶೆ ಇಡೀ ಇಸ್ರಾಯೇಲ್ ಜನಾಂಗಕ್ಕೆ ಹೇಳಿದ ಒಡಂಬಡಿಕೆಯ ಮಾತುಗಳವು. ಆಮೇಲೆ ಯೋಹಾನನ ಸುವಾರ್ತೆಯ 9ನೇ ಅಧ್ಯಾಯಕ್ಕೆ ಹೋದೆವು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವರು ಇವನೋ ಇವನ ತಂದೆತಾಯಿಯೋ ಎಂದು ಕೇಳುತ್ತಾರೆ. ಯೇಸು ಎರಡನ್ನೂ ತಳ್ಳಿಹಾಕುತ್ತಾನೆ. ಈ ಭಾಗ ಅವರಿಗೆ ಸಂಡೇ ಸ್ಕೂಲಿನಿಂದಲೂ ಗೊತ್ತು; ತಮ್ಮ ಮಗನ ಹಾಸಿಗೆಯ ಪಕ್ಕ ಇಟ್ಟು ಓದಿರಲಿಲ್ಲ. ಅವತ್ತು ತುಂಬ ಹೊತ್ತು ಅತ್ತರು.

ವರ್ಷದ ಪಟ್ಟಿಗಳ ಬಗ್ಗೆ ಒಂದು ಮಾತು. ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಸಭಾಪಾಲಕ ರಾಬರ್ಟ್ ಮರ್ರೆ ಮಕ್‌ಚೇನ್ 1842ರಲ್ಲಿ ತನ್ನ ಸಭೆಗೆ ಮಾಡಿಕೊಟ್ಟ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಓದು ಬರೀ ಆಚಾರವಾದೀತು, ಓದಿದೆನೆಂಬ ಹೆಮ್ಮೆ ಬಂದೀತು, ಕೆಲವರಿಗೆ ಹೊರಲಾರದ ನೊಗವಾದೀತು ಎಂಬ ಎಚ್ಚರಿಕೆಯನ್ನೂ ಆತ ಜೊತೆಗೇ ಬರೆದಿದ್ದ. ಪಟ್ಟಿ ಹಂಚುವವರು ಈ ಎಚ್ಚರಿಕೆಯನ್ನೂ ತಪ್ಪದೆ ಹಂಚಬೇಕು. ಅರವತ್ತಾರು ಪುಸ್ತಕಗಳ 1,189 ಅಧ್ಯಾಯಗಳನ್ನು ಒಂದೇ ವರ್ಷದಲ್ಲಿ ಮುಗಿಸಬೇಕೆಂದು ಸತ್ಯವೇದ ಎಲ್ಲಿಯೂ ಹೇಳುವುದಿಲ್ಲ.

ಅವರಿಗೆ ನಾನು ಹೇಳಿದ್ದು: ಪಟ್ಟಿಯನ್ನು ಅಳಿಸಿಬಿಡಿ, ಬಾಕಿಯನ್ನು ಮರೆಯಿರಿ. ಮಾರ್ಕನ ಸುವಾರ್ತೆಯನ್ನು ಹಿಡಿದು ದಿನಕ್ಕೊಂದು ಘಟನೆಯನ್ನು ಗಟ್ಟಿಯಾಗಿ ಓದಿ. ಏನಾಯಿತು, ನನಗೆ ಏನು ಅರ್ಥವಾಗಲಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ರಾತ್ರಿ ಪಾಳಿಯಿದ್ದಾಗ ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಓದಿದರೆ ಸಾಕು. ಕಣ್ಣುಮುಚ್ಚಿ ಪುಟ ಬಿಡಿಸುವುದನ್ನು ಮಾತ್ರ ಇವತ್ತಿನಿಂದಲೇ ನಿಲ್ಲಿಸಿ. ವಾರಕ್ಕೊಮ್ಮೆ ಸಭೆಯ ಸ್ತ್ರೀ ಸಮಾಜದ ಹಿರಿಯರೊಬ್ಬರ ಬಳಿ ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಹಾಗೆ ಹೋಗಿ ಕೇಳಲು ಈ ತಾಯಿಗೆ ನಾಚಿಕೆ. ಅಪೊಸ್ತಲರ ಕೃತ್ಯಗಳು 8ರಲ್ಲಿ ರಥದಲ್ಲಿ ಕುಳಿತು ಪ್ರವಾದಿ ಯೆಶಾಯನ ಪುಸ್ತಕವನ್ನು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಯೂ, ಯಾರಾದರೂ ತಿಳಿಸಿಕೊಡದಿದ್ದರೆ ಹೇಗೆ ತಿಳಿದೀತು ಎಂದೇ ಕೇಳಿದ್ದನ್ನು ನೆನಪಿಸಿದೆ.

ಮುಂದಿನ ಭೇಟಿಗೆ ನೋಟ್‌ಬುಕ್ ತಂದಿದ್ದರು. ಮಾರ್ಕ 1ರಲ್ಲಿ ಗುಣವಾದ ಕುಷ್ಠರೋಗಿಗೆ ಯೇಸು, ಯಾಜಕನಿಗೆ ಮೈ ತೋರಿಸಿ ಮೋಶೆ ಹೇಳಿದ್ದನ್ನು ಅರ್ಪಿಸು ಎನ್ನುತ್ತಾನಲ್ಲ, ಅದೇನು ಅರ್ಪಣೆ ಎಂದು ಬರೆದಿದ್ದರು. ಆ ಹಿರಿಯರು ಅವರನ್ನು ಯಾಜಕಕಾಂಡ 14ಕ್ಕೆ ಕರೆದೊಯ್ದಿದ್ದಾರೆ. ಅಲ್ಲಿಂದ 15ನೇ ಅಧ್ಯಾಯ, ರಕ್ತಸ್ರಾವವಾಗುವ ಹೆಂಗಸು ಅಶುದ್ಧಳೆಂಬ ನಿಯಮ. ಮಾರ್ಕ 5ರಲ್ಲಿ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸು ಹಿಂದಿನಿಂದ ಬಂದು ಯೇಸುವಿನ ಉಡುಪನ್ನು ಮುಟ್ಟಿದ್ದೇಕೆ, ನಡುಗಿದ್ದೇಕೆ ಎಂಬುದು ಆಗ ಹೊಳೆದಿದೆ. ಪಕ್ಕದಲ್ಲಿ ನರ್ಸ್ ಕೈಬರಹ: "12 ವರ್ಷ ರಕ್ತ ಹೋದರೆ ಹಿಮೋಗ್ಲೋಬಿನ್ ಎಷ್ಟಿದ್ದೀತು? ವೈದ್ಯರಿಗೇ ಇದ್ದದ್ದೆಲ್ಲ ಖರ್ಚಾಗಿದೆ." ಅದರ ಕೆಳಗೆ, ಅದೇ ಅಧ್ಯಾಯದಲ್ಲಿ ಸತ್ತಿದ್ದ ಯಾಯೀರನ ಮಗಳು ಎದ್ದ ಮೇಲೆ ಯೇಸು ಅವಳಿಗೆ ಊಟ ಕೊಡಿಸಿದ ಮಾತಿಗೆ ಎರಡು ಗೆರೆ ಎಳೆದಿದ್ದರು.

ನಿದ್ರೆ ಈಗ ಪರವಾಗಿಲ್ಲ. ಗಂಡನಿಗೆ ಮಾತ್ರ, ದಿನಕ್ಕೆ ಹತ್ತು ವಚನ ಓದಿದರೆ ಸಾಕೇ ಎಂಬ ಅಸಮಾಧಾನವಿತ್ತು. ಅವರನ್ನೂ ಕರೆಸಿದೆ. ಕುಟುಂಬ ಪ್ರಾರ್ಥನೆಯಲ್ಲಿ ಓದಿದ ಭಾಗದ ಮೇಲೆ ಮಕ್ಕಳು ಒಂದೊಂದು ಪ್ರಶ್ನೆ ಕೇಳಲಿ, ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿ ಭಾನುವಾರ ಸಭಾಪಾಲಕರಾದ ಅಯ್ಯನವರನ್ನು ಕೇಳಿ ಎಂದೆ. ಒಂದು ತಿಂಗಳು ಮಾಡಿ ನೋಡುತ್ತೇನೆಂದು ಅವರು ಒಪ್ಪಿದ್ದಾರೆ.